ಮೂರು ವಾರಕ್ಕೊಮ್ಮೆ ಬಹುಮಾನ ಬರುತ್ತಿದ್ದರೂ ಲಾಟರಿಯ ಲೆಕ್ಕ ಏಕೆ ಕೂಡುವುದಿಲ್ಲ?

ಪ್ರಶ್ನೆ: ಬೇಲೂರಿನ ಅಕ್ಕ

ನಮ್ಮದು ಹಾಸನ ಜಿಲ್ಲೆಯ ಬೇಲೂರಿನ ಹತ್ತಿರದ ಹಳ್ಳಿ. ನನ್ನ ತಮ್ಮ ಪಿಕಪ್ ಗಾಡಿಯಲ್ಲಿ ಹಸಿಶುಂಠಿಯ ಲೋಡು ಹಾಕಿಕೊಂಡು ವಾರಕ್ಕೊಮ್ಮೆ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗುತ್ತಾನೆ. ಅಲ್ಲಿ ಪ್ರತಿ ಸಲವೂ ಕೇರಳ ಸರ್ಕಾರದ ಲಾಟರಿಯ 50 ರೂಪಾಯಿಯ ಹತ್ತು ಟಿಕೆಟ್ ಕೊಳ್ಳುತ್ತಾನೆ. ಒಂದು ಕೋಟಿ ತನಗೆ ಬರುತ್ತದೆ ಎಂಬ ಭ್ರಮೆ ಅವನಿಗಿಲ್ಲ. ಕೊನೆಯ ನಾಲ್ಕು ಅಂಕಿಗೆ ಬರುವ ಚಿಕ್ಕ ಬಹುಮಾನಗಳೇ ಸಾಕು, ಅವುಗಳಿಂದಲೇ ಟಿಕೆಟ್ಟಿನ ಖರ್ಚು ಹುಟ್ಟುತ್ತದೆ ಎಂಬುದು ಅವನ ವಾದ.

ಕಳೆದ 26 ವಾರಗಳ ಲೆಕ್ಕವನ್ನು ಅವನೇ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಒಂಬತ್ತು ಸಲ ಬಹುಮಾನ ಬಂದಿದೆ: 100 ರೂಪಾಯಿ ನಾಲ್ಕು ಸಲ, 200 ಎರಡು ಸಲ, 500 ಎರಡು ಸಲ, 1,000 ಒಂದು ಸಲ. ಅಂದರೆ ಮೂರು ವಾರಕ್ಕೊಮ್ಮೆ ಏನಾದರೊಂದು ಬಂದಂತಾಯಿತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದಿಟ್ಟಿರುವುದು ಇನ್ನೊಂದು ಸಂಗತಿ. ಪ್ರತಿ ವಾರವೂ ಐದಾರು ಟಿಕೆಟ್ಟುಗಳು ಒಂದೇ ಒಂದು ಅಂಕಿಯಲ್ಲಿ ತಪ್ಪಿಹೋಗುತ್ತವೆ. 'ಇಷ್ಟು ಹತ್ತಿರಕ್ಕೆ ಬಂದಿದೆ, ಈಗ ಬಿಟ್ಟರೆ ಹೇಗೆ' ಎನ್ನುತ್ತಾನೆ. ಈಗ ಕೊನೆಯ ನಾಲ್ಕು ಅಂಕಿ ಒಂದೇ ಇರುವ ಹನ್ನೆರಡು ಟಿಕೆಟ್ಟುಗಳ 'ಸೆಟ್' ಕೊಳ್ಳಬೇಕೆಂದು ಹೊರಟಿದ್ದಾನೆ. ಮೊದಲ ಕೆಲವು ವಾರಗಳ ಹಣಕ್ಕೆ ನನ್ನ ಸಂಘದಿಂದ ಸಾಲ ತೆಗೆದುಕೊಡು ಎಂದು ಕೇಳಿದ್ದಾನೆ.

ನನಗೆ ಅವನೊಂದಿಗೆ ಜಗಳವಾಡುವ ಮನಸ್ಸಿಲ್ಲ. ಲೆಕ್ಕ ತಿಳಿದವರು ಬಿಡಿಸಿ ಹೇಳಿದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತೇನೆ. ಚಿಕ್ಕ ಬಹುಮಾನ ಬರುವ ಸಾಧ್ಯತೆ ನಿಜಕ್ಕೂ ಎಷ್ಟು? ಸೆಟ್ ಕೊಂಡರೆ ಅದು ಹೆಚ್ಚುತ್ತದೆಯೇ?

ಉತ್ತರ: ನಿವೃತ್ತ ಗಣಿತ ಮೇಷ್ಟ್ರು, ಹಾಸನ

ಅಮ್ಮಾ, ನಿಮ್ಮ ತಮ್ಮ ಲೆಕ್ಕ ಬರೆದಿಟ್ಟಿರುವುದು ಬಹಳ ಒಳ್ಳೆಯ ಕೆಲಸ. ಅದೇ ಪುಸ್ತಕದಿಂದ ಆರಂಭಿಸೋಣ.

ಕೇರಳದ ವಾರದ ಲಾಟರಿಯಲ್ಲಿ ಹನ್ನೆರಡು ಸರಣಿಗಳಿರುತ್ತವೆ, ಪ್ರತಿ ಸರಣಿಯಲ್ಲಿ ಆರಂಕಿಯ ಒಂಬತ್ತು ಲಕ್ಷ ಸಂಖ್ಯೆಗಳಿರುತ್ತವೆ. ಒಟ್ಟು 1.08 ಕೋಟಿ ಟಿಕೆಟ್. ಒಂದು ಕೋಟಿಯ ಬಹುಮಾನ ಇಷ್ಟರಲ್ಲಿ ಒಬ್ಬರಿಗೆ. ಆ ಒಂದು ಕೋಟಿಯನ್ನು ಎಲ್ಲ ಟಿಕೆಟ್ಟುಗಳಿಗೆ ಹಂಚಿ ನೋಡಿದರೆ ಒಂದು ಟಿಕೆಟ್ಟಿನ ಪಾಲಿಗೆ ಸುಮಾರು 93 ಪೈಸೆ ಬೀಳುತ್ತದೆ. ಫಲಕದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ ಬಹುಮಾನಕ್ಕೆ ನಿಮ್ಮ 50 ರೂಪಾಯಿಯಲ್ಲಿ ಒಂದು ರೂಪಾಯಿಯೂ ಹೋಗುವುದಿಲ್ಲ. ಬಹುಮಾನದ ಹಣದ ಬಹುಪಾಲು ಇರುವುದು ಚಿಕ್ಕ ಬಹುಮಾನಗಳಲ್ಲಿಯೇ. ಅಷ್ಟರ ಮಟ್ಟಿಗೆ ನಿಮ್ಮ ತಮ್ಮ ಸರಿಯಾದ ಕಡೆಯೇ ನೋಡುತ್ತಿದ್ದಾನೆ.

ಚಿಕ್ಕ ಬಹುಮಾನಕ್ಕೆ ಕೊನೆಯ ನಾಲ್ಕು ಅಂಕಿ ಮಾತ್ರ ಲೆಕ್ಕ. 0000ದಿಂದ 9999ರವರೆಗೆ ಹತ್ತು ಸಾವಿರ ಸಂಖ್ಯೆಗಳಿವೆ, ಪ್ರತಿಯೊಂದು ಸಂಖ್ಯೆಯೂ 1,080 ಟಿಕೆಟ್ಟುಗಳ ಕೊನೆಯಲ್ಲಿರುತ್ತದೆ. ಯಾವ ಬಹುಮಾನಕ್ಕೆ ಎಷ್ಟು ಸಂಖ್ಯೆಗಳನ್ನು ಎತ್ತುತ್ತಾರೆ ಎಂಬುದು ಯೋಜನೆಯಿಂದ ಯೋಜನೆಗೆ ಬದಲಾಗುವುದರಿಂದ, ನಿಮ್ಮ ಕೈಯಲ್ಲಿರುವ ಫಲಿತಾಂಶದ ಹಾಳೆಯನ್ನೇ ಎಣಿಸಿಕೊಳ್ಳಿ. ವಿವರಣೆಗಾಗಿ ನಾನು ಹೀಗೆ ಇಟ್ಟುಕೊಳ್ಳುತ್ತೇನೆ: 5,000 ರೂಪಾಯಿಗೆ 20 ಸಂಖ್ಯೆ, 1,000ಕ್ಕೆ 30, 500ಕ್ಕೆ 80, 200ಕ್ಕೆ 90, 100ಕ್ಕೆ 150. ಒಟ್ಟು 370 ಸಂಖ್ಯೆಗಳು. ಹತ್ತು ಸಾವಿರದಲ್ಲಿ 370 ಎಂದರೆ 27 ಟಿಕೆಟ್ಟಿಗೆ ಒಂದು.

ಹತ್ತು ಟಿಕೆಟ್ ಕೊಂಡವನಿಗೆ ಒಂದಾದರೂ ಬಹುಮಾನ ಬರುವ ಸಾಧ್ಯತೆ ನೂರಕ್ಕೆ ಸುಮಾರು 31. ಇದೇ ನಿಮ್ಮ ತಮ್ಮನ 'ಮೂರು ವಾರಕ್ಕೊಮ್ಮೆ'. ಅವನ ಅದೃಷ್ಟ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಲೆಕ್ಕ ಹೇಳಿದಷ್ಟೇ ಬಂದಿದೆ. ಆದರೆ ಬಂದ ಹಣವೆಷ್ಟು? 260 ಟಿಕೆಟ್ಟಿಗೆ 13,000 ರೂಪಾಯಿ ಕೊಟ್ಟು 2,800 ಪಡೆದಿದ್ದಾನೆ. ನನ್ನ ಉದಾಹರಣೆಯ ಪ್ರಕಾರ ಒಂದು ಟಿಕೆಟ್ಟಿನಿಂದ ಸರಾಸರಿ ಹಿಂದಿರುಗುವ ಚಿಕ್ಕ ಬಹುಮಾನದ ಮೊತ್ತ 20 ರೂಪಾಯಿ 30 ಪೈಸೆ, ಅದರಲ್ಲಿ ಹತ್ತು ರೂಪಾಯಿ 5,000ದ ಬಹುಮಾನದಿಂದಲೇ ಬರಬೇಕು. ಆ 5,000 ಒಂದು ಟಿಕೆಟ್ಟಿಗೆ ಬರುವುದು ಐನೂರಕ್ಕೆ ಒಂದು. 260 ಟಿಕೆಟ್ ಕೊಂಡ ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 60 ಮಂದಿ ಅದನ್ನು ಕಂಡೇ ಇರುವುದಿಲ್ಲ. ಅವರಿಗೆ ಸರಾಸರಿ ಸಿಗುವುದು 2,700 ರೂಪಾಯಿಯ ಆಸುಪಾಸು. ಪುಸ್ತಕದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ.

ಇನ್ನು 'ಒಂದಂಕಿಯಲ್ಲಿ ತಪ್ಪಿತು' ಎಂಬ ಮಾತು. ಇದನ್ನು ಅವನು ಸಾವಧಾನವಾಗಿ ಓದಬೇಕು ಎಂದು ಕೇಳಿಕೊಳ್ಳುತ್ತೇನೆ. 4726 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ನಾಲ್ಕು ಸ್ಥಾನಗಳಲ್ಲಿ ಯಾವುದಾದರೂ ಒಂದನ್ನು ಬದಲಿಸಿದರೆ ಪ್ರತಿ ಸ್ಥಾನಕ್ಕೆ ಒಂಬತ್ತರಂತೆ 36 ನೆರೆಯ ಸಂಖ್ಯೆಗಳು ಸಿಗುತ್ತವೆ. ಎತ್ತಿದ ಸಂಖ್ಯೆಗಳು 370. ಒಂದೊಂದಕ್ಕೂ 36 ನೆರೆಯವರಿದ್ದರೆ ಒಟ್ಟು 13,320 ಆಯಿತು, ಆದರೆ ಇರುವ ಸಂಖ್ಯೆಗಳೇ ಹತ್ತು ಸಾವಿರ! ಹಾಗಾಗಿ ಕಣ್ಣುಮುಚ್ಚಿ ಎತ್ತಿದ ಯಾವುದೇ ಹತ್ತು ಟಿಕೆಟ್ಟುಗಳಲ್ಲಿ ಸರಾಸರಿ ಏಳು ಟಿಕೆಟ್ಟುಗಳು ಯಾವುದಾದರೊಂದು ಬಹುಮಾನದ ಸಂಖ್ಯೆಗೆ ಒಂದೇ ಅಂಕಿಯ ದೂರದಲ್ಲಿರುತ್ತವೆ. ನಾನು ಕೊಂಡರೂ ಅಷ್ಟೇ, ಎಂದೂ ಕೊಳ್ಳದವರು ಮೊದಲ ಸಲ ಕೊಂಡರೂ ಅಷ್ಟೇ. ಅದೃಷ್ಟ ಅವನ ಹತ್ತಿರಕ್ಕೆ ಬಂದದ್ದಲ್ಲ, ಹಾಳೆಯ ಮೇಲೆ ಸಂಖ್ಯೆಗಳು ಅಷ್ಟು ಒತ್ತಾಗಿವೆ. ಈ ವಾರ ಐದು ತಪ್ಪಿದವು ಎಂಬುದಕ್ಕೂ ಮುಂದಿನ ವಾರದ ಡ್ರಾಗೂ ಯಾವ ನಂಟೂ ಇಲ್ಲ.

ಸೆಟ್ಟಿನ ವಿಷಯದಲ್ಲಿ ಸಾಧ್ಯತೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಬೇರೆ ಬೇರೆ ಹನ್ನೆರಡು ಸಂಖ್ಯೆ ಕೊಂಡರೆ ಒಂದಾದರೂ ಗೆಲ್ಲುವ ಸಾಧ್ಯತೆ ನೂರಕ್ಕೆ 36. ಒಂದೇ ಸಂಖ್ಯೆಯ ಹನ್ನೆರಡು ಕೊಂಡರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಬಂದರೆ ಮಾತ್ರ ಹನ್ನೆರಡೂ ಒಟ್ಟಿಗೆ ಬರುತ್ತವೆ. ಸರಾಸರಿ ನಷ್ಟ ಎರಡರಲ್ಲೂ ಒಂದೇ. ವಾರಕ್ಕೆ 600 ರೂಪಾಯಿಯಂತೆ ಹಾಕುತ್ತಾ ಹೋದರೆ ಒಂದು ಗೆಲುವಿಗೂ ಇನ್ನೊಂದಕ್ಕೂ ನಡುವೆ ಸರಾಸರಿ 27 ವಾರ, 16,200 ರೂಪಾಯಿ. ಆ ಗೆಲುವು 100ರ ಬಹುಮಾನವಾಗಿದ್ದರೆ ಕೈಗೆ ಬರುವುದು 1,200. ಸಾಲದ ಹಣದಲ್ಲಿ ಇದನ್ನು ಖಂಡಿತ ಮಾಡಬಾರದು.

ಉತ್ತರ: ಹಳೆಯ ಟಿಕೆಟ್ ವ್ಯಾಪಾರಿ, ಸಕಲೇಶಪುರ

2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧವಾಗುವವರೆಗೆ ನಾನು ಹಾಸನದಲ್ಲಿ ಟಿಕೆಟ್ ಮಾರಿ ಸಂಸಾರ ನಡೆಸಿದವನು. ಮೇಷ್ಟ್ರು ಹೇಳಿದ ಲೆಕ್ಕದ ಪಕ್ಕದಲ್ಲಿ ನಾನು ಕಣ್ಣಾರೆ ಕಂಡ ಒಂದು ವಿಷಯವನ್ನು ಇಡುತ್ತೇನೆ.

ನೂರು ರೂಪಾಯಿ ಗೆದ್ದವನು ಅದನ್ನು ನೋಟಿನ ರೂಪದಲ್ಲಿ ತೆಗೆದುಕೊಂಡು ಹೋಗುವುದು ಅಪರೂಪವಾಗಿತ್ತು. ಅವನು ಟಿಕೆಟ್ ಚಾಚಿದ ಕೂಡಲೇ ನಾನು ಹೊಸ ಕಟ್ಟು ಬಿಡಿಸಿ ಮುಂದಿಡುತ್ತಿದ್ದೆ, ಅವನು ಅದರಲ್ಲೇ ಎತ್ತಿಕೊಳ್ಳುತ್ತಿದ್ದ. ಗೆದ್ದ ಹಣ ನನ್ನ ಪೆಟ್ಟಿಗೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಅಕ್ಕಾ, ನಿಮ್ಮ ತಮ್ಮನನ್ನು ಕೇಳಿ ನೋಡಿ: 100 ಮತ್ತು 200ರ ಆರು ಬಹುಮಾನಗಳಿಗೆ, ಅಂದರೆ ಒಟ್ಟು 800 ರೂಪಾಯಿಗೆ, ಅವನು ನಗದು ಪಡೆದನೇ, ಇಲ್ಲವೇ ಬದಲಿಗೆ 16 ಟಿಕೆಟ್ ಪಡೆದನೇ? ಟಿಕೆಟ್ ಪಡೆದಿದ್ದರೆ, ಆ 16 ಟಿಕೆಟ್ಟಿನ ಖರ್ಚು ಪುಸ್ತಕದ ಖರ್ಚಿನ ಕಡೆಯಲ್ಲಿದೆಯೇ? ಹೆಚ್ಚಿನವರು ಬಂದದ್ದನ್ನು ಬರೆಯುತ್ತಾರೆ, ಅದರಿಂದ ಕೊಂಡದ್ದನ್ನು 'ಪುಕ್ಕಟೆ ಬಂದ ಟಿಕೆಟ್' ಎಂದು ಬಿಟ್ಟುಬಿಡುತ್ತಾರೆ.

ಓಸಿ, ಅಂದರೆ ಮಟ್ಕಾ ಜೂಜಿನ ಅಂಕಿ, ಬರೆಯುವವರ ಗೋಳನ್ನೂ ನಾನು ಕಂಡಿದ್ದೇನೆ. ಎರಡಂಕಿಗೆ ರೂಪಾಯಿಗೆ 70 ಅಥವಾ 80 ಕೊಡುವ ಆಟದಲ್ಲಿ ಸಾಧ್ಯತೆ ನೂರಕ್ಕೆ ಒಂದೇ, ಅದು ಕಾನೂನುಬಾಹಿರವೂ ಹೌದು. ಬಹುಮಾನ ಬೇಗ ಬೇಗ ಬಂದಷ್ಟೂ ಆಟಗಾರ ಬೇಗ ಬೇಗ ಹಣ ಹಾಕುತ್ತಾನೆ. ಒಂದೇ ಅಂಕಿಯ ಮೇಲೆ ಬಹುಮಾನ ಇಡಬಾರದೆಂದು 1998ರ ಲಾಟರಿ ನಿಯಂತ್ರಣ ಕಾಯ್ದೆಯಲ್ಲಿಯೇ ಬರೆದಿದ್ದಾರೆ. ಒಂದಂಕಿಯಲ್ಲಿ ಹತ್ತು ಜನರಲ್ಲಿ ಒಬ್ಬ ಪ್ರತಿ ಸಲವೂ ಗೆಲ್ಲುತ್ತಾನೆ, ಉಳಿದ ಒಂಬತ್ತು ಮಂದಿ ಅವನನ್ನು ನೋಡಿ ಮತ್ತೆ ಹಾಕುತ್ತಾರೆ.

ಉತ್ತರ: ತೆರಿಗೆ ಸಲಹೆಗಾರ, ಅರಸೀಕೆರೆ

50 ರೂಪಾಯಿಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಸ್ವಲ್ಪ ಸೇರಿಸುತ್ತೇನೆ. ಲಾಟರಿಯ ಮೇಲಿನ ಜಿಎಸ್‌ಟಿ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ತೆರಿಗೆ ಟಿಕೆಟ್ಟಿನ ಬೆಲೆಯಲ್ಲಿಯೇ ಅಡಗಿರುವುದರಿಂದ 50ರಲ್ಲಿ ಸುಮಾರು 14 ರೂಪಾಯಿ ಅಲ್ಲಿಗೆ ಹೋಗುತ್ತದೆ. ಅದಾದ ಮೇಲೆ ಮುದ್ರಣ, ಏಜೆಂಟರ ಕಮಿಷನ್, ಸರ್ಕಾರದ ಪಾಲು. ಬಹುಮಾನಕ್ಕೆ ಉಳಿಯುವುದು ಇವೆಲ್ಲ ಕಳೆದ ನಂತರ.

ಗೆದ್ದ ಹಣದ ಮೇಲಿನ ಆದಾಯ ತೆರಿಗೆಯನ್ನೂ ಜನ ತಪ್ಪಾಗಿ ತಿಳಿದಿದ್ದಾರೆ. ಬಹುಮಾನ 10,000 ರೂಪಾಯಿ ಮೀರಿದರೆ ಮಾತ್ರ ಕೊಡುವವರೇ ಶೇ 30ನ್ನು ಮೊದಲೇ ಹಿಡಿಯುತ್ತಾರೆ. ಅದಕ್ಕಿಂತ ಕಡಿಮೆಯ ಬಹುಮಾನಕ್ಕೆ ತೆರಿಗೆ ಹಿಡಿಯುವುದಿಲ್ಲ ಎಂದರೆ ತೆರಿಗೆಯೇ ಇಲ್ಲ ಎಂದರ್ಥವಲ್ಲ. ಲಾಟರಿಯ ಗೆಲುವಿಗೆ ಸೆಸ್ ಸೇರಿ ಶೇ 31.2ರ ಪ್ರತ್ಯೇಕ ದರವಿದೆ, ಸೋತ ಟಿಕೆಟ್ಟುಗಳ ಖರ್ಚನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲ. ಹಾಗಾಗಿ 5,000 ಗೆದ್ದವನ ನಿಜವಾದ ಕೈಪಾಲು 3,440 ರೂಪಾಯಿ.

ಇನ್ನೊಂದು ಮುಖ್ಯವಾದ ಮಾತು. 5,000ದವರೆಗಿನ ಬಹುಮಾನವನ್ನು ಕೇರಳದ ಯಾವುದೇ ಲಾಟರಿ ಅಂಗಡಿಯಲ್ಲಿ ಪಡೆಯಬಹುದು, ಆದರೆ ಡ್ರಾ ಆದ ಮೇಲೆ ನಿಗದಿತ ಗಡುವಿನೊಳಗೆ ಟಿಕೆಟ್ ಒಪ್ಪಿಸಬೇಕು. ಕೇರಳ ಸರ್ಕಾರ ಕಾಗದದ ಟಿಕೆಟ್ ಬಿಟ್ಟು ಆನ್‌ಲೈನಿನಲ್ಲಿ ಲಾಟರಿ ಮಾರುವುದಿಲ್ಲ. ವಾಟ್ಸಾಪ್‌ನಲ್ಲಿ ಟಿಕೆಟ್ಟಿನ ಚಿತ್ರ ಕಳಿಸಿ 'ಮೊದಲು ತೆರಿಗೆ ಕಟ್ಟಿದರೆ ಬಹುಮಾನ ಬಿಡುಗಡೆ' ಎನ್ನುವವರು ವಂಚಕರು.

ಮರುಉತ್ತರ: ಬೇಲೂರಿನ ಅಕ್ಕ

ಎಲ್ಲರಿಗೂ ಮನಃಪೂರ್ವಕ ನಮಸ್ಕಾರಗಳು. ನಿನ್ನೆ ರಾತ್ರಿ ಊಟವಾದ ಮೇಲೆ ತಮ್ಮನೂ ನಾನೂ ಕಳೆದ ಎರಡು ವಾರದ ಹಾಳೆಗಳನ್ನು ಹರಡಿಕೊಂಡು ಕುಳಿತೆವು. ಅವನ ಇಪ್ಪತ್ತು ಟಿಕೆಟ್ಟುಗಳಲ್ಲಿ ಹದಿಮೂರು ಒಂದಂಕಿಯಲ್ಲಿ ತಪ್ಪಿದ್ದವು. ಮೇಷ್ಟ್ರೇ, ಅದು ಅವನಿಗೆ ಸಂತೋಷ ಕೊಡುವ ಮೊದಲೇ ನನ್ನ ಮಗಳ ಶಾಲೆಯ ಪುಸ್ತಕದಿಂದ ಮನಸ್ಸಿಗೆ ಬಂದ ಇಪ್ಪತ್ತು ನಾಲ್ಕಂಕಿಗಳನ್ನು ಬರೆದು ಅದೇ ಹಾಳೆಗಳಿಗೆ ಹೋಲಿಸಿದೆವು. ಯಾರೂ ಕೊಳ್ಳದ ಆ ಸಂಖ್ಯೆಗಳಲ್ಲಿಯೂ ಹದಿನಾಲ್ಕು ಒಂದಂಕಿಯಲ್ಲಿ ತಪ್ಪಿದ್ದವು. ಅವನು ಬಹಳ ಹೊತ್ತು ಎರಡೂ ಪಟ್ಟಿಗಳನ್ನು ನೋಡುತ್ತಾ ಕುಳಿತಿದ್ದ.

ಸಕಲೇಶಪುರದ ಅಣ್ಣ ಕೇಳಿದ್ದು ನಿಜ. ಹದಿನಾರು ಟಿಕೆಟ್ಟುಗಳೂ ಬದಲಿಗೆ ಪಡೆದವೇ, ಖರ್ಚಿನ ಕಡೆ ಬರೆದಿರಲಿಲ್ಲ. ಅವುಗಳನ್ನು ಸೇರಿಸಿದ ಮೇಲೆ ಖರ್ಚು 13,800 ಆಯಿತು. ಸಾಲದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಈ ವಾರ ಎರಡೇ ಟಿಕೆಟ್ ತರುತ್ತೇನೆ ಎಂದು ಹೇಳಿ ಬೆಳಗ್ಗೆ ಲೋಡಿಗೆ ಹೋಗಿದ್ದಾನೆ. 500ರ ಒಂದು ಟಿಕೆಟ್ ಇನ್ನೂ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿಯೇ ಇದೆ, ಡ್ರಾ ಆಗಿ 24 ದಿನವಾಗಿದೆ. ಅದನ್ನು ನಗದಾಗಿಯೇ ತೆಗೆದುಕೊಂಡು ಬರಲು ಹೇಳಿದ್ದೇನೆ.