ಚಕ್ರ ಸರಿಯಾಗಿ ಇಳಿಯದಿದ್ದರೆ ವಿಮಾನ ಅಷ್ಟು ಹೊತ್ತು ಸುತ್ತು ಹಾಕೋದು ಯಾಕೆ?

ಕಿಟಕಿ_ಸೀಟು:
2024ರ ಅಕ್ಟೋಬರ್‌ನಲ್ಲಿ ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಚಕ್ರ ಮುಂತಾದವನ್ನು ಆಡಿಸುವ ವ್ಯವಸ್ಥೆ) ತೊಂದರೆಯಾಗಿ, ಎರಡು ಗಂಟೆಗೂ ಜಾಸ್ತಿ ಹೊತ್ತು ಮೇಲೇ ಸುತ್ತಿ ಆಮೇಲೆ ತಿರುಚ್ಚಿಯಲ್ಲೇ ಇಳಿಯಿತಲ್ವಾ? ಅವತ್ತಿನಿಂದ ನನಗೊಂದು ಅನುಮಾನ. ತೊಂದರೆ ಇದೆ ಅಂತ ಗೊತ್ತಾದ ಮೇಲೆ ಬೇಗ ಇಳಿಸೋದು ವಾಸಿಯಲ್ವಾ? ಚಕ್ರ ಬರಲೇ ಇಲ್ಲ ಅಂದರೆ ಏನು ಮಾಡುತ್ತಾರೆ?

ನಟ್ಟು_ಬೋಲ್ಟು:
ಬೆಂಕಿ ಬಿದ್ದಿದ್ದರೆ ಬೇಗ ಇಳಿಸಲೇಬೇಕು. ಗೇರ್, ಅಂದರೆ ಇಳಿಯುವ ಚಕ್ರದ ತೊಂದರೆ ಹಾಗಲ್ಲ, ಎಂಜಿನ್ ಚೆನ್ನಾಗಿ ಓಡುತ್ತಿರುತ್ತದೆ. ಅದು ಬೋಯಿಂಗ್ 737-800. ಏಳುವಾಗ 79 ಟನ್‌ವರೆಗೂ ತೂಗಬಹುದು, ಇಳಿಯುವಾಗ ಸುಮಾರು 66 ಟನ್ ಒಳಗಿರಬೇಕು. ದೊಡ್ಡ ವಿಮಾನಗಳ ಥರ ಇಂಧನ ಹೊರಗೆ ಚೆಲ್ಲುವ ವ್ಯವಸ್ಥೆ ಇದರಲ್ಲಿಲ್ಲ, ಸುತ್ತಿ ಸುತ್ತಿ ಸುಡಬೇಕು ಅಷ್ಟೇ. ಆ ಹೊತ್ತಿನಲ್ಲಿ ಚೆಕ್‌ಲಿಸ್ಟ್ ಓದುತ್ತಾರೆ.

ಹೈಡ್ರಾಲಿಕ್ ಕೈಕೊಟ್ಟರೂ ಚಕ್ರ ಇಳಿಸಲು ದಾರಿ ಇದೆ. 737ರಲ್ಲಿ ಕೋ-ಪೈಲಟ್ ಸೀಟಿನ ಹಿಂದೆ ನೆಲದಲ್ಲಿ ಒಂದು ಮುಚ್ಚಳ, ಅದರ ಕೆಳಗೆ ಮೂರು ಹಿಡಿಕೆ. ಎಳೆದರೆ ಲಾಕ್ ಬಿಡುತ್ತದೆ, ಚಕ್ರ ತನ್ನ ತೂಕಕ್ಕೇ ಕೆಳಗೆ ಬೀಳುತ್ತದೆ. ಏರ್‌ಬಸ್ 320ರಲ್ಲಿ ಒಂದು ಕ್ರ್ಯಾಂಕ್ ಇದೆ, ಮೂರು ಸುತ್ತು ತಿರುಗಿಸಬೇಕು. ಮೂರು ಹಸಿರು ದೀಪ ಬಂದರೆ ಮೂರೂ ಕಡೆ ಚಕ್ರ ಇಳಿದು ಲಾಕ್ ಆಗಿದೆ ಅಂತ, ಚಿಂತೆ ಮುಗಿಯಿತು.

ಮಳೆಬಿಲ್ಲು77:
ದೀಪ ಬಂದರೆ ಸರಿ, ಬರದಿದ್ದರೆ ಅಲ್ಲೇ ಕಥೆ ಶುರು. ನನ್ನ ಪ್ರಕಾರ ಗೇರ್ ತೊಂದರೆಗಿಂತ ಅದರ ಮೇಲೇ ಎಲ್ಲರ ಗಮನ ಹೋಗೋದು ಜಾಸ್ತಿ ಅಪಾಯ. 1972ರ ಡಿಸೆಂಬರ್‌ನಲ್ಲಿ ಅಮೆರಿಕದ ಈಸ್ಟರ್ನ್ ಕಂಪನಿಯ 401 ನಂಬರಿನ ವಿಮಾನ ಮಯಾಮಿಯಲ್ಲಿ ಇಳಿಯಬೇಕಿತ್ತು, ಮುಂದಿನ ಚಕ್ರದ ದೀಪ ಹೊತ್ತಲಿಲ್ಲ. ಸುಟ್ಟಿದ್ದು ಬರೀ ಬಲ್ಬು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಅದರ ಹಿಂದೆ ಬಿದ್ದಾಗ ಆಟೋಪೈಲಟ್ ಎತ್ತರ ಹಿಡಿಯೋದು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ, ವಿಮಾನ ಮೆಲ್ಲಗೆ ಇಳಿಯುತ್ತಾ ಜೌಗಿಗೆ ಬಿತ್ತು. ನೂರಕ್ಕೂ ಜಾಸ್ತಿ ಜನ ಸತ್ತರು.

1978ರಲ್ಲಿ ಪೋರ್ಟ್‌ಲ್ಯಾಂಡ್ ಹತ್ತಿರ ಯುನೈಟೆಡ್ 173ರದ್ದೂ ಇದೇ ಕಥೆ. ಗೇರ್ ದಡಾರ್ ಅಂತ ಇಳಿದು ಒಂದು ಕಡೆಯ ಸ್ವಿಚ್ ಹಾಳಾಯಿತು, ಹಸಿರು ದೀಪ ಬರಲಿಲ್ಲ. ಚಕ್ರ ಸರಿಯಾಗೇ ಇಳಿದಿತ್ತು! ಕ್ಯಾಪ್ಟನ್ ಸುಮಾರು ಒಂದು ಗಂಟೆ ತಯಾರಿ ಮಾಡುತ್ತಾ ಸುತ್ತಿದರು, ಫ್ಲೈಟ್ ಎಂಜಿನಿಯರ್ ಇಂಧನದ ಮಾತು ತೆಗೆದರೂ ಅದು ಕಿವಿಗೆ ಸರಿಯಾಗಿ ಬೀಳಲಿಲ್ಲ, ಕೊನೆಗೆ ಎಂಜಿನ್‌ಗಳು ಒಂದೊಂದಾಗಿ ಆರಿದವು. 10 ಜನ ಹೋದರು. ಕ್ಯಾಪ್ಟನ್‌ಗೂ ಧೈರ್ಯವಾಗಿ ಎದುರು ಹೇಳಬೇಕು ಅನ್ನೋ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ತರಬೇತಿಗೆ ಈ ಅಪಘಾತ ದೊಡ್ಡ ಕಾರಣ.

ಕಿಟಕಿ_ಸೀಟು:
ಓಹೋ. ಹಾಗಾದರೆ ನಿಜವಾಗಿಯೂ ಬರದಿದ್ದರೆ?

ನಟ್ಟು_ಬೋಲ್ಟು:
ಹೊಟ್ಟೆ ಮೇಲೆ ಇಳಿಸುತ್ತಾರೆ. 2011ರ ನವೆಂಬರ್ 1ರಂದು ವಾರ್ಸಾದಲ್ಲಿ ಪೋಲೆಂಡಿನ ಲಾಟ್ ಕಂಪನಿಯ ಬೋಯಿಂಗ್ 767ಅನ್ನು ಕ್ಯಾಪ್ಟನ್ ತಡೇವುಷ್ ವ್ರೋನಾ ಹೀಗೇ ಇಳಿಸಿದರು, 231 ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅಮೆರಿಕದ ನ್ಯೂಆರ್ಕ್‌ನಿಂದ ಹೊರಟ ಸ್ವಲ್ಪ ಹೊತ್ತಿಗೇ ಒಂದು ಹೈಡ್ರಾಲಿಕ್ ವ್ಯವಸ್ಥೆ ಹೋಗಿತ್ತು, ಪರ್ಯಾಯ ದಾರಿ ಇದೆಯಲ್ಲ ಅಂತ ಮುಂದೆ ಹೋದರು. ವಾರ್ಸಾದಲ್ಲಿ ಆ ಪರ್ಯಾಯವೂ ಕೆಲಸ ಮಾಡಲಿಲ್ಲ. ಮೇಲೆ ಬಂದ ಎಫ್-16 ಯುದ್ಧವಿಮಾನಗಳ ಪೈಲಟ್‌ಗಳೂ ನೋಡಿ ಚಕ್ರ ಹೊರಗಿಲ್ಲ ಅಂದರು. ತಮಾಷೆ ಅಂದರೆ, ಕಾಕ್‌ಪಿಟ್‌ನಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್ (ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗಿತ್ತು ಅಷ್ಟೇ. ಆಮೇಲೆ ವಿಮಾನ ಎತ್ತಿ ಅದನ್ನು ಒತ್ತಿದಾಗ ಚಕ್ರ ತಾನಾಗಿ ಬಂತು.

ರನ್‌ವೇ_ರಾಯ:
ನನಗೆ ಅಮೆರಿಕದ ಜೆಟ್‌ಬ್ಲೂ ಕಂಪನಿಯ 292 ನಂಬರಿನ ವಿಮಾನದ ಕಥೆ ಇಷ್ಟ. 2005ರ ಸೆಪ್ಟೆಂಬರ್, ಮೂಗಿನ ಚಕ್ರ ಅಡ್ಡಡ್ಡ ತಿರುಗಿ ನಿಂತಿತ್ತು. ಗಂಟೆಗಟ್ಟಲೆ ಇಂಧನ ಸುಟ್ಟು, ಲಾಸ್ ಏಂಜಲೀಸ್‌ನಲ್ಲಿ ಹಿಂದಿನ ಚಕ್ರ ಊರಿ ಮೂಗನ್ನು ಆದಷ್ಟು ಹೊತ್ತು ಎತ್ತಿ ಹಿಡಿದರು. ಕಿಡಿ ಹಾರಿತು, ಟೈರು ಹೋಯಿತು, ಯಾರಿಗೂ ಗಾಯವಿಲ್ಲ. ಪ್ರಯಾಣಿಕರು ತಮ್ಮದೇ ವಿಮಾನದ ಸುದ್ದಿಯನ್ನು ಸೀಟಿನ ಟಿವಿಯಲ್ಲಿ ಲೈವ್ ನೋಡುತ್ತಾ ಕೂತಿದ್ದರಂತೆ. ನಾನಾಗಿದ್ದರೆ ಟಿವಿ ಆಫ್ ಮಾಡುತ್ತಿದ್ದೆ ಸ್ವಾಮಿ.