ದಾವಣಗೆರೆಯಲ್ಲೇ ಎಂ.ಟೆಕ್ ಸೇರಲಾ, ಇನ್ನೊಂದು ಸಲ ಗೇಟ್ ಬರೆಯಲಾ?

ಚನ್ನಗಿರಿ_ಸಿವಿಲ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ. ದಾವಣಗೆರೆಯಲ್ಲಿ ಸಿವಿಲ್ ಬಿಇ ಮುಗಿಸಿ ಎರಡು ವರ್ಷ ಆಯಿತು. ಬೆಂಗಳೂರಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಒಂದೂವರೆ ವರ್ಷ ಸೈಟ್ ಎಂಜಿನಿಯರ್ ಆಗಿದ್ದೆ. ಹೆಸರಿಗೆ ಎಂಜಿನಿಯರ್, ಮಾಡಿದ್ದು ಸಿಮೆಂಟ್ ಚೀಲ ಎಣಿಸುವುದು, ಕಂಬಿ ಕಟ್ಟುವವರಿಗೆ ಟೀ ಬಂತಾ ನೋಡುವುದು, ರಾತ್ರಿ ಕಾಂಕ್ರೀಟ್ ಲಾರಿ ಬರುವವರೆಗೆ ಗೇಟ್ ಹತ್ತಿರ ಸೊಳ್ಳೆ ಹೊಡೆಯುತ್ತಾ ಕೂರುವುದು. 18 ಸಾವಿರ ಸಂಬಳ. ಕೊನೆಯ ಎರಡು ತಿಂಗಳದ್ದು ಇನ್ನೂ ಬಂದಿಲ್ಲ, ಬರುವ ಹಾಗೂ ಕಾಣಲ್ಲ. ಬಿಟ್ಟು ಊರಿಗೆ ಬಂದೆ. ಈಗ ತೋಟದಲ್ಲಿ ಮೋಟರ್ ಆನ್ ಮಾಡುವುದು, ಆಫ್ ಮಾಡುವುದು, ಇಷ್ಟೇ ನನ್ನ ಎಂಜಿನಿಯರಿಂಗ್.

ಫೆಬ್ರವರಿಯಲ್ಲಿ ಗೇಟ್ (ಎಂ.ಟೆಕ್ ಸೇರಲು ದೇಶಮಟ್ಟದಲ್ಲಿ ನಡೆಯುವ ಪರೀಕ್ಷೆ) ಬರೆದಿದ್ದೆ. ಓದದೆ ಬರೆದಿದ್ದು, ಕಟ್ ಆಫ್‌ಗೆ ಮೂರು ಮಾರ್ಕ್ಸ್ ಕಮ್ಮಿ ಬಂತು. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಪರವಾಗಿಲ್ಲ, ದಾವಣಗೆರೆಯಲ್ಲೇ ಸ್ಟ್ರಕ್ಚರಲ್ (ಕಟ್ಟಡಗಳ ಡಿಸೈನ್) ಎಂ.ಟೆಕ್ ಸೀಟು ಸಿಗಬಹುದು. ಅಪ್ಪ "ಸುಮ್ನೆ ಕೂರೋ ಬದಲು ಸೇರ್ಕೋ, ದುಡ್ಡು ನಾನು ನೋಡ್ಕೋತೀನಿ" ಅಂತಾರೆ. ಆದರೆ ಬರುವ ವರ್ಷ ತಂಗಿ ಮದುವೆ ಮಾಡಬೇಕು ಅಂತಲೂ ಅವರೇ ಹೇಳುತ್ತಾರೆ, ಅಡಿಕೆ ರೇಟು ಆಗ ಎಷ್ಟಿರುತ್ತೋ ಯಾರಿಗೆ ಗೊತ್ತು. ನನ್ನ ಲೆಕ್ಕ ಏನಂದ್ರೆ ಈಗ ಸೇರಿಬಿಡುವುದು, ಓದುತ್ತಾ ಗೇಟ್ ಮತ್ತೆ ಬರೆಯುವುದು, ಪಾಸಾದರೆ ಸ್ಟೈಪೆಂಡ್ ಶುರುವಾಗುತ್ತೆ. ಸರಿ ಅಲ್ವಾ? ಇನ್ನೊಂದು ಮಾತು, ನೆಂಟರ ಮನೆಯಲ್ಲಿ "ಏನ್ ಮಾಡ್ತಿದೀಯಪ್ಪಾ" ಅಂದರೆ ಹೇಳಲು ಏನಾದರೂ ಬೇಕು, ಅದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ದುರ್ಗದ_ಹುಡುಗಿ:
ತಮ್ಮಾ, ನಿನ್ನ ಲೆಕ್ಕದಲ್ಲೇ ತಪ್ಪಿದೆ. ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಕೊಡುವ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗಬೇಕಾದರೆ ಅಡ್ಮಿಶನ್ ಆಗುವ ದಿನವೇ ನಿನ್ನ ಕೈಯಲ್ಲಿ ಗೇಟ್ ಸ್ಕೋರ್ ಇರಬೇಕು. ಸೇರಿದ ಮೇಲೆ ಪಾಸಾದರೆ ಬರಲ್ಲ. 24 ತಿಂಗಳಿಗೆ ಲೆಕ್ಕ ಹಾಕು, 2,97,600. ಅಷ್ಟನ್ನು ಬಿಟ್ಟುಕೊಟ್ಟು ಅಪ್ಪನ ಜೇಬಿಗೆ ಕೈ ಹಾಕುತ್ತೀಯಾ?

ನಾನು ಚಿತ್ರದುರ್ಗದವಳು, ಬಿಇ ಅಲ್ಲೇ. ಮೊದಲ ಸಲ ನಿನ್ನ ಹಾಗೇ ಸುಮ್ನೆ ಬರೆದು ಡುಮ್ಕಿ ಹೊಡೆದೆ. ಎರಡನೇ ಸಲ ಏಳು ತಿಂಗಳು ಕೂತೆ. ಲೈಬ್ರರಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಫ್ಯಾನ್ ಕೆಳಗಿನ ಕುರ್ಚಿ ಹಿಡಿಯುವುದು, ಪೇಪರ್ ಓದಲು ಬರುವ ಅಜ್ಜಂದಿರು ಜೋರಾಗಿ ರಾಜಕೀಯ ಮಾತಾಡುವುದು ಶುರುವಾದ ಮೇಲೆ ಮನೆಗೆ ಬರುವುದು. ಒಟ್ಟು 100 ಮಾರ್ಕ್ಸಿನಲ್ಲಿ ಆಪ್ಟಿಟ್ಯೂಡ್ 15, ಗಣಿತ 13. ಈ 28ನ್ನು ಗಟ್ಟಿ ಮಾಡಿಕೊಂಡರೆ ಕಟ್ ಆಫ್ ಭಯ ಅರ್ಧ ಹೋಗುತ್ತೆ. ನಂಬರ್ ಟೈಪ್ ಮಾಡುವ ಪ್ರಶ್ನೆಗಳಿಗೆ ನೆಗೆಟಿವ್ ಇಲ್ಲ, ಒಂದನ್ನೂ ಖಾಲಿ ಬಿಡಬೇಡ. ಮತ್ತೆ ಕ್ಯಾಲ್ಕುಲೇಟರ್ ಸ್ಕ್ರೀನ್ ಮೇಲೆ ಇರುತ್ತೆ, ಮೌಸ್‌ನಲ್ಲಿ ಒತ್ತಬೇಕು. ಮೊದಲ ಸಲ ನನಗೆ ಟೈಮ್ ಹೋಗಿದ್ದೇ ಅದರಲ್ಲಿ. ಆಮೇಲೆ ಸುರತ್ಕಲ್ ಎನ್‌ಐಟಿಕೆ ಸಿಕ್ಕಿತು, ಕೇಂದ್ರ ಸರ್ಕಾರದ ಎನ್‌ಐಟಿ ಕಾಲೇಜುಗಳಲ್ಲಿ ಒಂದು. ಅಲ್ಲಿ ಕಾಲೇಜಿನ ಪಕ್ಕದಲ್ಲೇ ಸಮುದ್ರ, ದುರ್ಗದ ಬಂಡೆ ನೋಡಿ ಬೆಳೆದವಳಿಗೆ ಒಂದು ತಿಂಗಳು ಪಾಠದ ಕಡೆ ಗಮನವೇ ಇರಲಿಲ್ಲ.

ಕಾಲಂ_ಬೀಮ್:
ಸ್ಟೈಪೆಂಡ್ ವಿಷಯ ಅವರು ಹೇಳಿದ್ದು ಸರಿ. ಆದರೆ ಎನ್‌ಐಟಿ ಸಿಗದಿದ್ದರೆ ಎಂ.ಟೆಕ್ ದಂಡ ಅನ್ನುವ ಹಾಗೆ ಯಾರೂ ತಿಳಿಯಬೇಡಿ. ನಾನು ದಾವಣಗೆರೆಯಲ್ಲೇ ಮಾಡಿದವನು, ಈಗ ಬೆಂಗಳೂರಲ್ಲಿ ಡಿಸೈನ್ ಆಫೀಸಿನಲ್ಲಿದ್ದೇನೆ. ಕಲಿತಿದ್ದು ಕ್ಲಾಸಿಗಿಂತ ಜಾಸ್ತಿ ಲ್ಯಾಬಿನಲ್ಲಿ. ಪ್ರಾಜೆಕ್ಟಿಗೆ ಗಟ್ಟಿತನ ಪರೀಕ್ಷಿಸಲು 36 ಕಾಂಕ್ರೀಟ್ ಕ್ಯೂಬ್ ಹಾಕಿದ್ದೆ, 150 ಮಿ.ಮೀ.ದು, ಒಂದೊಂದೂ ಎಂಟು ಕೆಜಿ ಬರುತ್ತೆ. ತೊಟ್ಟಿಯಿಂದ ಎತ್ತಿ, ಒರೆಸಿ, ತೂಕ ಮಾಡಿ, ಮಷಿನ್‌ಗೆ ಇಡುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಕ್ಯೂಬ್ ಒಡೆದು ನೋಡಬೇಕಾದ 28ನೇ ದಿನ ನೋಡಿದರೆ ಯುಗಾದಿ! ಲ್ಯಾಬ್ ಅಟೆಂಡರ್ ಬೇವುಬೆಲ್ಲ ತಿಂದುಕೊಂಡು ಹೊಸ ಪಂಚೆಯಲ್ಲೇ ಬಂದು ಬೀಗ ತೆಗೆದುಕೊಟ್ಟರು.

ಈಗ ನಾನೇ ಇಂಟರ್‌ವ್ಯೂ ಮಾಡುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ. ದೊಡ್ಡ ಕಾಲೇಜಿನಿಂದ ಬಂದವರು ಕೂಡ ಇಟ್ಯಾಬ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಹತ್ತು ಮಹಡಿ ಮಾಡೆಲ್ ಅರ್ಧ ಗಂಟೆಯಲ್ಲಿ ಎಬ್ಬಿಸುತ್ತಾರೆ. ಎಷ್ಟು ಮೋಡ್ (ಭೂಕಂಪದಲ್ಲಿ ಕಟ್ಟಡ ಅಲುಗಾಡುವ ಬಗೆ) ತಗೊಂಡಿರಿ ಅಂದರೆ 12 ಅಂತಾರೆ. ಯಾಕೆ 12 ಅಂದರೆ "ಸಾಫ್ಟ್‌ವೇರಲ್ಲಿ ಹಾಗೇ ಇತ್ತು ಸಾರ್". ಭೂಕಂಪದ ಕೋಡ್ ಐಎಸ್ 1893ರಲ್ಲಿ ಮೋಡಲ್ ಮಾಸ್, ಅಂದರೆ ಒಂದೊಂದು ಮೋಡ್‌ನಲ್ಲಿ ಲೆಕ್ಕಕ್ಕೆ ಬರುವ ಕಟ್ಟಡದ ತೂಕದ ಪಾಲು, ಎಲ್ಲಾ ಸೇರಿ ಕನಿಷ್ಠ 90 ಪರ್ಸೆಂಟ್ ಬರಬೇಕು ಅಂತ ಇದೆ, ಬರುವವರೆಗೆ ಮೋಡ್ ಜಾಸ್ತಿ ಮಾಡಬೇಕು, ಅಷ್ಟೇ ಉತ್ತರ. ಅದನ್ನು ಹೇಳಿದವನ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಕಾಲೇಜಿನ ಹೆಸರಿದೆ ಅಂತ ನಾನು ನೋಡಲ್ಲ. ನಿಮ್ಮ ಒಂದೂವರೆ ವರ್ಷದ ಸೈಟ್ ಅನುಭವವೂ ದಂಡ ಅಲ್ಲ, ಕಂಬಿ ಎಲ್ಲಿ ಇಕ್ಕಟ್ಟಾಗಿ ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ಇಳಿಯಲ್ಲ ಅಂತ ಕಣ್ಣಾರೆ ನೋಡಿದವರು ಡಿಸೈನ್ ಆಫೀಸಿನಲ್ಲಿ ಬಹಳ ಕಡಿಮೆ.

ವಿದ್ಯಾನಗರ_ಮೇಷ್ಟ್ರು:
ನಾನು ಎಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡುವವನು, ಸ್ವಲ್ಪ ಖಾರವಾಗಿ ಹೇಳುತ್ತೇನೆ. ಮೊದಲು ಯಾವ ಕೆಲಸ ಬೇಕು ಅಂತ ಹೇಳಪ್ಪ. ಲೋಕೋಪಯೋಗಿ ಇಲಾಖೆ ಎಇ (ಅಸಿಸ್ಟೆಂಟ್ ಎಂಜಿನಿಯರ್) ಆಗಬೇಕಾ, ಬಿಇ ಸಾಕು. ಎನ್‌ಟಿಪಿಸಿ ಥರದ ಕೇಂದ್ರ ಸರ್ಕಾರಿ ಕಂಪನಿಗೆ ಗೇಟ್ ಸ್ಕೋರ್ ಮೇಲೆ ಹೋಗಬೇಕಾ, ಅದಕ್ಕೂ ಬಿಇ ಸಾಕು. ಡಿಸೈನ್ ಅಥವಾ ಪಾಠ ಮಾಡುವ ಆಸೆ ಇದ್ದರೆ ಮಾತ್ರ ಎಂ.ಟೆಕ್. ಪಾಠಕ್ಕೆ ಬಂದರೂ ಅಸಿಸ್ಟೆಂಟ್ ಪ್ರೊಫೆಸರ್‌ವರೆಗೆ ಎಂ.ಟೆಕ್ ಸಾಕು, ಮೇಲೆ ಹೋಗಲು ಪಿಎಚ್.ಡಿ ಬೇಕೇ ಬೇಕು. ನೆಂಟರಿಗೆ ಉತ್ತರ ಕೊಡಲು ಸೇರಿದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ, ಎರಡನೇ ವರ್ಷ ಪ್ರಾಜೆಕ್ಟ್ ಬಂದಾಗ ಮುಖ ತೋರಿಸಲ್ಲ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳಲ್ಲ. ಎನ್‌ಐಟಿಗಳ ಸೀಟು ಸಿಸಿಎಂಟಿ ಅನ್ನುವ ದೇಶಮಟ್ಟದ ಎಂ.ಟೆಕ್ ಕೌನ್ಸೆಲಿಂಗಿನಲ್ಲಿ ಹಂಚುತ್ತಾರೆ, ಅಲ್ಲಿ ನಮ್ಮ ರಾಜ್ಯದ 2ಎ, 3ಬಿ ಸರ್ಟಿಫಿಕೇಟ್ ನಡೆಯಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ನೋಡಿ. ಇದ್ದರೆ ಒಬಿಸಿ ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಸರ್ಟಿಫಿಕೇಟ್ ಬೇರೆಯಾಗಿ ಮಾಡಿಸಬೇಕು. ಸೀಟು ಬಂದ ಮೇಲೆ ನಾಡಕಚೇರಿಗೆ ಓಡಿದರೆ ಆಗಲ್ಲ.

ಚನ್ನಗಿರಿ_ಸಿವಿಲ್:
ಮೇಷ್ಟ್ರೇ, ನೆಂಟರ ಮಾತು ಸರಿಯಾಗಿ ತಾಗಿತು. ಸ್ಟೈಪೆಂಡ್ ನಿಯಮ ನನಗೆ ನಿಜವಾಗಲೂ ಗೊತ್ತಿರಲಿಲ್ಲ ಅಕ್ಕಾ. ಅಪ್ಪನಿಗೆ ಆ 2,97,600 ಕಾಗದದ ಮೇಲೆ ಬರೆದು ತೋರಿಸಿದೆ, ಎರಡು ಸಲ ಓದಿ "ಹಂಗಾದ್ರೆ ಓದು" ಅಂದರು, ಆದರೆ ಸಂಜೆ ಮೋಟರ್ ಡ್ಯೂಟಿ ನನ್ನದೇ ಅಂತೆ. ನನಗೆ ಡಿಸೈನೇ ಬೇಕು. ಈ ವರ್ಷ ಪಿಜಿಸಿಇಟಿ ಸೀಟು ಬಿಡುತ್ತೇನೆ. ಬರುವ ಫೆಬ್ರವರಿಯಲ್ಲಿ ಕ್ವಾಲಿಫೈ ಆದರೆ ಆ ಸ್ಕೋರ್ ಮೂರು ವರ್ಷ ಇರುತ್ತಲ್ವಾ, ಸುರತ್ಕಲ್ ಆಗದಿದ್ದರೆ ದಾವಣಗೆರೆಯಲ್ಲೇ ಸ್ಟೈಪೆಂಡ್ ತಗೊಂಡು ಓದುತ್ತೇನೆ. ಅಟೆಂಡರ್ ಹೊಸ ಪಂಚೆ ಕಥೆ ಕೇಳಿ ಕಾಲೇಜ್ ಲ್ಯಾಬ್ ನೆನಪಾಯಿತು ಅಣ್ಣಾ.

ದುರ್ಗದ_ಹುಡುಗಿ:
ಹೌದು, ಮೂರು ವರ್ಷ. ಫಾರ್ಮ್ ಸಾಮಾನ್ಯವಾಗಿ ಆಗಸ್ಟ್ ಕೊನೆ ಹೊತ್ತಿಗೆ ಬಿಡುತ್ತಾರೆ, ಕೊನೆ ದಿನದವರೆಗೆ ಕಾಯಬೇಡ. ನನ್ನ ಹಳೇ ಪ್ರಶ್ನೆಪತ್ರಿಕೆಗಳ ಪುಸ್ತಕ ದುರ್ಗದ ಮನೆಯಲ್ಲೇ ಇದೆ, ಬೇಕಾದರೆ ಮೆಸೇಜ್ ಮಾಡು. ಉತ್ತರ ಎಲ್ಲಾ ಪೆನ್ಸಿಲಲ್ಲಿ ಬರೆದಿದ್ದೇನೆ, ಅಳಿಸಿಕೊಂಡು ಮಾಡು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಎರಡು ತಪ್ಪಿವೆ, ಯಾವುವು ಅಂತ ಹೇಳಲ್ಲ.