ಪುಟ್ಟನ ಏರ್‌ಬ್ರಷ್ ವಿಷಯ

ಅಕ್ಕಾ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಲ್ಲೇ ಹೇಳುತ್ತಿದ್ದೇನೆ. ಪುಟ್ಟನನ್ನೂ ಪಕ್ಕದಲ್ಲಿ ಕೂರಿಸಿಕೋ. ಅವನ ಮಿಗ್-21 ಯುದ್ಧವಿಮಾನದ ಮಾಡೆಲ್ ಜೋಡಿಸಿ ಆಯಿತು, ಬಣ್ಣಕ್ಕೆ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬೇಕಂತೆ, ಫೋಟೊದಲ್ಲಿರುವ ಚಾರ್ಜ್ ಮಾಡುವ ಸಣ್ಣ ಸೆಟ್ ತರಿಸಲಾ ಅಂತ ಕೇಳಿದ್ದೀಯ, ಅಲ್ವಾ?

ಅದು ಬೇಡ. ಕೇಕ್ ಮೇಲೆ ಬಣ್ಣ ಹಾಕುವವರಿಗೆ ಅದು ಸಾಕು. ಇವನದು 72ರಲ್ಲಿ ಒಂದು ಪಾಲಿನ ಮಾಡೆಲ್, ಇಡೀ ವಿಮಾನ ಒಂದು ಗೇಣು. ಅದರ ಮೇಲೆ ಹಸಿರು ಬೂದು ಪಟ್ಟೆ ಬರಬೇಕಾದರೆ ಗಾಳಿ ಒಂದೇ ಸಮ ಬರಬೇಕು, ಒತ್ತಡ ನಮ್ಮ ಕೈಯಲ್ಲಿರಬೇಕು. ಅಂಥ ಸೆಟ್‌ಗಳಲ್ಲಿ ಹೆಚ್ಚಿನವು ಅಷ್ಟು ಮಾಡುವುದಿಲ್ಲ.

ಎಲ್ಲರೂ ಬ್ರಷ್‌ಗೇ ದುಡ್ಡು ಸುರಿದು, ಅದಕ್ಕೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಯಾವುದಾದರೂ ಆದೀತು ಅಂತಾರೆ. ನೀನು ಉಲ್ಟಾ ಮಾಡು. ಮೊದಲು ಕಂಪ್ರೆಸರ್ ಒಳ್ಳೆಯದು ತಗೋ. ಕೆಳಗೆ 3 ಲೀಟರ್ ಟ್ಯಾಂಕ್ ಇರಲಿ. ಟ್ಯಾಂಕ್ ಇಲ್ಲದಿದ್ದರೆ ಪಿಸ್ಟನ್ ಹೊಡೆದಂತೆಲ್ಲ ಗಾಳಿ ಮಿಡಿಯುತ್ತದೆ, ಗೆರೆ ನಡುಗುತ್ತದೆ. ಒತ್ತಡ ತಿರುಗಿಸುವ ರೆಗ್ಯುಲೇಟರ್, ಮೀಟರ್, ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್, ಮೂರೂ ಬೇಕು. ನಿಮ್ಮ ಮಂಗಳೂರಿನ ಹವೆಗಂತೂ ಟ್ರ್ಯಾಪ್ ಬೇಕೇ ಬೇಕು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಪೈಪಿನಲ್ಲಿ ತಣ್ಣಗಾಗಿ ನೀರು ಬಿಡುತ್ತದೆ. ನಾನು ಉಡುಪಿಯಲ್ಲಿದ್ದಾಗ ಮಳೆಗಾಲದಲ್ಲಿ ಟ್ರ್ಯಾಪ್ ಇಲ್ಲದೆ ಹೊಡೆದೆ. ರೆಕ್ಕೆ ನುಣ್ಣಗೆ ಬಂದಿತ್ತು, ಕೊನೇ ಕೋಟ್‌ನಲ್ಲಿ ಟಪ್ ಅಂತ ಒಂದು ಹನಿ ನೀರು. ಇಡೀ ರೆಕ್ಕೆಯ ಬಣ್ಣ ತೆಗೆದು ಮತ್ತೆ ಹೊಡೆದೆ.

ಇನ್ನು ಬ್ರಷ್. ಡ್ಯುಯಲ್ ಆ್ಯಕ್ಷನ್, ಅಂದರೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ ಬರುವಂಥದ್ದು. ಬಣ್ಣದ ಬಟ್ಟಲು ಮೇಲಿರುವುದು, ಬಣ್ಣ ಹೊರಬರುವ ತುದಿ, ಅಂದರೆ ನಾಜಲ್, 0.3 ಅಥವಾ 0.35 ಮಿಲಿಮೀಟರ್. 0.2ರ ಆಸೆ ಈಗ ಬೇಡ ಪುಟ್ಟಾ. ಅದರಲ್ಲಿ ಗೆರೆ ಸಣ್ಣಗೆ ಬರುತ್ತದೆ ನಿಜ, ಆದರೆ ಬಣ್ಣ ಸ್ವಲ್ಪ ಗಟ್ಟಿಯಾದರೂ ಕಟ್ಟಿಕೊಳ್ಳುತ್ತದೆ. ನಾನು ಬಳಸುವುದು ಇವಾಟಾ ಕಂಪನಿಯ ಎಕ್ಲಿಪ್ಸ್ ಬ್ರಷ್, 0.35. ಅದರ ನಾಜಲ್‌ಗೆ ಸ್ಕ್ರೂ ಥರ ತಿರುಗಿಸಿ ಬಿಗಿ ಮಾಡುವ ಮರೆಯೇ ಇಲ್ಲ, ಸುಮ್ನೆ ಜಾಗದಲ್ಲಿ ಕೂರಿಸಿದರೆ ಆಯಿತು. ಮರೆ ಇರುವ ಸಣ್ಣ ನಾಜಲ್ ಬಿಗಿ ಮಾಡುವಾಗ ಕೈ ಒಂಚೂರು ಜಾಸ್ತಿಯಾದರೆ ಕುತ್ತಿಗೆ ಮುರಿಯುತ್ತದೆ. ಕಡಿಮೆ ಬೆಲೆಯದ್ದರಲ್ಲೂ ಕಲಿಯಬಹುದು. ಆದರೆ ಒಳಗಿನ ಸೂಜಿ, ನಾಜಲ್ ಬಿಡಿಯಾಗಿ ಸಿಗುತ್ತಾ ಅಂತ ಕೊಳ್ಳುವ ಮುಂಚೆಯೇ ಕೇಳಿಕೋ.

ಪುಟ್ಟಾ, ಇದು ನಿನಗೆ. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಬಟ್ಟಲಿನ ಗೋಡೆಗೆ ತಾಗಿಸಿ ನೋಡು, ಕೆಳಗಿಳಿಯುವಾಗ ತೆಳು ಪದರ ಬಿಟ್ಟು ಇಳಿಯಬೇಕು. ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ ಆದರೆ ತೆಳು ಮಾಡಲು ಅವರದೇ ಥಿನ್ನರ್ ಅರ್ಧಕ್ಕರ್ಧ ಹಾಕಿ ಶುರುಮಾಡು. ಒತ್ತಡ 15ರಿಂದ 20 ಪಿಎಸ್‌ಐ. ಬೆರಳು ಮೊದಲು ಕೆಳಕ್ಕೆ ಒತ್ತಬೇಕು, ಗಾಳಿ ಬರುತ್ತದೆ. ಆಮೇಲೆ ಹಿಂದಕ್ಕೆ ಎಳೆ, ಬಣ್ಣ ಬರುತ್ತದೆ. ನಿಲ್ಲಿಸುವಾಗ ಮುಂದಕ್ಕೆ ತಳ್ಳಿ ಬಣ್ಣ ನಿಲ್ಲಿಸಿ, ಗಾಳಿ ಕೊನೆಗೆ ನಿಲ್ಲಿಸು. ಗಾಳಿ ಮೊದಲೇ ನಿಲ್ಲಿಸಿದರೆ ತುದಿಯಲ್ಲಿ ಬಣ್ಣ ನಿಂತು, ಮುಂದಿನ ಸಲ ಒತ್ತಿದಾಗ ಸಿಡಿಯುತ್ತದೆ. ಹಳೇ ನೋಟ್‌ಬುಕ್‌ನಲ್ಲಿ ಚುಕ್ಕಿ ಇಡು, ಚುಕ್ಕಿ ಸೇರಿಸಿ ಗೆರೆ ಎಳೆ. ರಂಗೋಲಿ ಕಲಿತ ಹಾಗೇ. ಗೆರೆ ಒಂದೇ ಸಮ ಬರುವವರೆಗೂ ಮಿಗ್ ಡಬ್ಬದಲ್ಲೇ ಇರಲಿ.

ಕೆಲಸ ಮುಗಿದ ಕೂಡಲೇ ತೊಳೆಯಬೇಕು, ಊಟ ಆದಮೇಲೆ ಅನ್ನಬಾರದು. ಸೂಜಿ ಒರೆಸುವಾಗ ಬಟ್ಟೆಯನ್ನು ತುದಿಯ ಕಡೆಗೇ ಎಳಿ. ತುದಿ ಬಾಗಿದೆಯಾ ನೋಡಲು ಉಗುರಿನ ಮೇಲೆ ಮೆಲ್ಲಗೆ ಜಾರಿಸು, ಕೆರೆದರೆ ಬಾಗಿದೆ ಅಂತ.

ಅಕ್ಕಾ, ಮಲಗುವ ಕೋಣೆಯಲ್ಲಿ ಬೇಡ. ಬಾಲ್ಕನಿ ಬಾಗಿಲು ತೆರೆದು ಹೊಡೆಯಲಿ, ಮಾಸ್ಕ್ ಹಾಕಲಿ. ಘಾಟು ಥಿನ್ನರ್‌ನ ಲ್ಯಾಕರ್ ಬಣ್ಣ ಸದ್ಯಕ್ಕೆ ಮನೆಗೆ ತರಬೇಡಿ, ಅದರ ಆವಿಗೆ ಬಟ್ಟೆ ಮಾಸ್ಕ್ ಸಾಲದು. ಕಂಪ್ರೆಸರ್ ನೋಡಿದ ಮೇಲೆ ಹಿಂದಿನ ಲೇಬಲ್ ಫೋಟೊ ತೆಗೆದು ನನಗೆ ಕಳಿಸು, ದುಡ್ಡು ಆಮೇಲೆ ಕೊಡುವೆಯಂತೆ.